ವೀಸದ ಲೆಕ್ಕ, ಪೈಸೆಯ ಲೆಕ್ಕ: ಕಂಪ್ಯೂಟರಿನ ದಶಮಾಂಶದ ಮುಂದೆ ಎಡವದಿರಲು 12 ಸೂತ್ರಗಳು

ಬೂದಿಕೋಟೆ ಕಡೆಯ ಒಂದು ಸ್ವಸಹಾಯ ಸಂಘದ ಸಭೆ. ವರ್ಷದ ಕೊನೆಗೆ ಹಂಚಬೇಕಾದ ಬಡ್ಡಿ ಹಣ 2,500 ರೂಪಾಯಿ, ಸದಸ್ಯೆಯರು 12 ಮಂದಿ. ಲೆಕ್ಕ ಬರೆಯುವ ಹುಡುಗಿ ಎಕ್ಸೆಲ್‌ನಲ್ಲಿ ಭಾಗಿಸಿ ಹಾಳೆ ಪ್ರಿಂಟ್ ಹಾಕಿಸಿಕೊಂಡು ಬಂದಿದ್ದಳು. ಒಬ್ಬೊಬ್ಬರ ಪಾಸ್‌ಬುಕ್ಕಿಗೆ 208.33 ಜಮಾ, ಕೆಳಗೆ ಒಟ್ಟು 2,500.00. ಗೋಡೆಗೆ ಒರಗಿ ಕುಳಿತಿದ್ದ ಹಿರಿಯಕ್ಕ ಒಬ್ಬರು ಮೊಬೈಲ್ ತೆಗೆದು 208.33ನ್ನು 12ರಿಂದ ಗುಣಿಸಿದರು. 2,499.96 ಬಂತು. ‘ನಾಲ್ಕು ಪೈಸ ಎಲ್ಲಿಗೋಯ್ತಮ್ಮ?’ ಎಂದರು. ಹುಡುಗಿಯ ಬಾಯಿ ಕಟ್ಟಿಹೋಯಿತು. ನಾಲ್ಕು ಪೈಸೆಗೆ ಇವತ್ತು ಬೆಂಕಿಕಡ್ಡಿಯೂ ಸಿಗದು. ಆದರೆ ಸಂಘ ನಿಂತಿರುವುದೇ ನಂಬಿಕೆಯ ಮೇಲೆ, ಉತ್ತರವಿಲ್ಲದ ನಾಲ್ಕು ಪೈಸೆ ಆ ನಂಬಿಕೆಯನ್ನೇ ಅಲ್ಲಾಡಿಸಿಬಿಡುತ್ತದೆ.

ಬೂದಿಕೋಟೆ ಹೈದರ್ ಅಲಿ ಹುಟ್ಟಿದ ಊರು. 2000ದ ದಶಕದ ಆರಂಭದಲ್ಲಿ ‘ನಮ್ಮ ಧ್ವನಿ’ ಸಮುದಾಯ ಬಾನುಲಿಯಿಂದ ದೇಶದ ಗಮನ ಸೆಳೆದ ಊರೂ ಹೌದು. ಆ ಬಾನುಲಿಯ ಬೆನ್ನಿಗಿದ್ದದ್ದು ಮೈರಾಡದಂಥ ಸಂಸ್ಥೆಗಳು ಕಟ್ಟಿ ಬೆಳೆಸಿದ ಮಹಿಳಾ ಸಂಘಗಳು. ಇಂಥ ಊರುಗಳ ಹೆಣ್ಣುಮಕ್ಕಳು ಇವತ್ತು ಸಂಘದ ಪುಸ್ತಕವನ್ನು ಲ್ಯಾಪ್‌ಟಾಪಿಗೆ ಏರಿಸುತ್ತಿದ್ದಾರೆ. ಬಂಗಾರಪೇಟೆಯಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಸಾಫ್ಟ್‌ವೇರ್ ಕೆಲಸಕ್ಕೆ ಹೋಗುವ ಹುಡುಗರಿಗಂತೂ ಲೆಕ್ಕವೇ ಜೀವನ. ಇವರೆಲ್ಲರೂ ಒಂದಲ್ಲ ಒಂದು ದಿನ ಈ ದಶಮಾಂಶದ ಕಲ್ಲಿಗೆ ಎಡವುತ್ತಾರೆ. ಎಡವಿದಾಗ ‘ಯಂತ್ರ ಕೆಟ್ಟಿದೆ’ ಅನ್ನುತ್ತಾರೆ, ಇಲ್ಲವೇ ‘ನನಗೆ ಗಣಿತ ಬರೋದಿಲ್ಲ’ ಅನ್ನುತ್ತಾರೆ. ಎರಡೂ ನಿಜವಲ್ಲ. ಈ 12 ಸೂತ್ರಗಳನ್ನು ಕೈವಶ ಮಾಡಿಕೊಂಡರೆ ಯಾರ ಮುಂದೆಯೂ ನಿಮ್ಮ ಲೆಕ್ಕ ತಲೆತಗ್ಗಿಸುವುದಿಲ್ಲ.

1. ಯಂತ್ರ ಎಣಿಸುವುದು ವೀಸದಲ್ಲಿ ಎಂದು ತಿಳಿಯಿರಿ

ನಮ್ಮ ಅಜ್ಜಿಯರ ಲೆಕ್ಕ ನೆನಪಿಸಿಕೊಳ್ಳಿ: ಅರೆ, ಕಾಲು, ಅರೆಕಾಲು, ವೀಸ, ಅರೆವೀಸ. ಪ್ರತಿ ಹೆಜ್ಜೆಗೂ ಅರ್ಧ. ರೂಪಾಯಿಗೆ 16 ಆಣೆ ಇದ್ದ ಕಾಲದಲ್ಲಿ ಒಂದು ಆಣೆ ಎಂದರೆ ರೂಪಾಯಿಯ ಒಂದು ವೀಸ. ಕಂಪ್ಯೂಟರಿಗೆ ಗೊತ್ತಿರುವುದೂ ಇದೇ ದಾರಿ. ಅದು ಒಂದನ್ನು ಅರ್ಧ ಮಾಡುತ್ತಾ ಹೋಗುತ್ತದೆ, ಆ ಚೂರುಗಳನ್ನು ಕೂಡಿಸಿ ಸಂಖ್ಯೆ ಕಟ್ಟುತ್ತದೆ. ‘ಮುಕ್ಕಾಲು ಮೂರು ವೀಸ’ ಅನ್ನುತ್ತೇವಲ್ಲ, ಅಂದರೆ 16ರಲ್ಲಿ 15 ಪಾಲು, 0.9375, ಅದನ್ನು ಕಂಪ್ಯೂಟರ್ ಕೂದಲೆಳೆಯಷ್ಟೂ ತಪ್ಪದೆ ಇಟ್ಟುಕೊಳ್ಳುತ್ತದೆ.

ಈಗ 0.1 ಕಟ್ಟಿ ನೋಡಿ. ಒಂದು ವೀಸ ಹಾಕಿದರೆ 0.0625. ಅರೆವೀಸ ಸೇರಿಸಿದರೆ 0.09375. ಅದರ ಅರ್ಧ ಸೇರಿಸಿದರೆ ಹೆಚ್ಚಾಗುತ್ತದೆ, ಬಿಡಬೇಕು. ಮತ್ತೂ ಅರ್ಧ ಮಾಡಿದರೂ ಹೆಚ್ಚು, ಅದನ್ನೂ ಬಿಡಬೇಕು. ಮುಂದಿನದು 256ರಲ್ಲಿ ಒಂದು ಪಾಲು, ಅದು ಹಿಡಿಯುತ್ತದೆ: 0.09765625. ಅದರ ಅರ್ಧವೂ ಹಿಡಿಯುತ್ತದೆ: 0.099609375. ಮತ್ತೆ ಎರಡು ಬಿಡು, ಎರಡು ಹಾಕು. ಎಷ್ಟು ಹೊತ್ತು ಹಾಕಿದರೂ 0.1 ಹತ್ತಿರ ಬರುತ್ತದೆಯೇ ಹೊರತು ಮುಟ್ಟುವುದಿಲ್ಲ. ಮೂರರಲ್ಲಿ ಒಂದು ಪಾಲನ್ನು ನಾವು 0.333 ಎಂದು ಬರೆಯುತ್ತಾ ಮುಗಿಸಲಾರದ ಹಾಗೆಯೇ ಇದು. ಹಾಗಾಗಿ ಯಂತ್ರ ಒಂದು ಕಡೆ ನಿಲ್ಲಿಸಿ ಅತ್ಯಂತ ಹತ್ತಿರದ ಸಂಖ್ಯೆಯನ್ನು ಇಟ್ಟುಕೊಳ್ಳುತ್ತದೆ. ನೀವು 0.1 ಎಂದು ಒತ್ತಿದಾಗ ಒಳಗೆ ಕೂರುವುದು 0.1000000000000000055 ಎಂದು ಶುರುವಾಗುವ ಉದ್ದನೆಯ ಸಂಖ್ಯೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುವುದು ಇದರಿಂದಲೇ. ಅದೇ 0.5ಕ್ಕೆ 0.25 ಕೂಡಿಸಿ ನೋಡಿ, ಸರಿಯಾಗಿ 0.75 ಬರುತ್ತದೆ. ಅರೆ, ಕಾಲು, ಮುಕ್ಕಾಲು ಯಂತ್ರದ ತಾಯ್ನುಡಿ.

2. 15 ಅಂಕೆಯ ಗೆರೆಯನ್ನು ನೆನಪಿಡಿ

ನಮ್ಮ ಕೆಜಿಎಫ್‌ನ ಚಿನ್ನದ ಗಣಿಯನ್ನೇ ತೆಗೆದುಕೊಳ್ಳಿ. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳ. 2001ರಲ್ಲಿ ಗಣಿ ಮುಚ್ಚುವ ಹೊತ್ತಿಗೆ ಒಂದು ಟನ್ ಅದಿರಿನಲ್ಲಿ ಸಿಗುತ್ತಿದ್ದ ಚಿನ್ನ ಕೆಲವೇ ಗ್ರಾಂ. ಅದೇ ಗಣಿಯ ಆಳದಲ್ಲಿ 1965ರಲ್ಲಿ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಹಿಡಿದರು, ಅವು ಅಣುವಿಗಿಂತಲೂ ಎಷ್ಟೋ ಸಣ್ಣವು. ಇಷ್ಟು ದೊಡ್ಡದನ್ನೂ ಇಷ್ಟು ಚಿಕ್ಕದನ್ನೂ ಒಂದೇ ಅಳತೆಯ ಪೆಟ್ಟಿಗೆಯಲ್ಲಿ ಇಡಬೇಕಾದರೆ ಬಿಂದು ಅತ್ತಿತ್ತ ಸರಿಯಬೇಕು. ‘ಫ್ಲೋಟಿಂಗ್ ಪಾಯಿಂಟ್’ ಎಂದರೆ ಇದೇ: ಮುಖ್ಯ ಅಂಕೆಗಳು ಒಂದು ಕಡೆ, ಬಿಂದು ಎಲ್ಲಿದೆ ಎಂಬ ಗುರುತು ಇನ್ನೊಂದು ಕಡೆ.

ಈ ಪೆಟ್ಟಿಗೆಯ ಅಳತೆಯನ್ನು ಜಗತ್ತಿಗೆಲ್ಲ ಒಂದೇ ಮಾಡಿದ್ದು 1985ರ ಐಇಇಇ 754 ಮಾನದಂಡ. ಅದರ ಹಿಂದಿನ ಮುಖ್ಯ ತಲೆ ವಿಲಿಯಂ ಕಹಾನ್, ಅವರಿಗೆ 1989ರ ಟ್ಯೂರಿಂಗ್ ಪ್ರಶಸ್ತಿ ಬಂತು. ಸಾಮಾನ್ಯ ಪೆಟ್ಟಿಗೆಯಲ್ಲಿ 64 ಬಿಟ್‌ಗಳು, ಅಂದರೆ 0 ಅಥವಾ 1 ಕೂರುವ 64 ಮನೆಗಳು: ಚಿಹ್ನೆಗೆ 1, ಬಿಂದುವಿನ ಜಾಗಕ್ಕೆ 11, ಅಂಕೆಗಳಿಗೆ 52. ನಮ್ಮ ದಶಮಾಂಶದಲ್ಲಿ ಹೇಳುವುದಾದರೆ ಮೊದಲ 15 ಅಂಕೆಗಳನ್ನು ಕಣ್ಣು ಮುಚ್ಚಿ ನಂಬಬಹುದು. ಅದರಾಚೆಗಿನದಕ್ಕೆ ಖಾತರಿ ಇಲ್ಲ.

ಇದರಿಂದ ಕಲಿಯಬೇಕಾದ ಪಾಠ ಒಂದು. 16 ಅಂಕೆಯ ಬ್ಯಾಂಕ್ ಖಾತೆ ಸಂಖ್ಯೆಯನ್ನು ಎಕ್ಸೆಲ್‌ಗೆ ಹಾಗೆಯೇ ಹೊಡೆದರೆ ಕೊನೆಯ ಅಂಕೆ ಸೊನ್ನೆಯಾಗಿಬಿಡುತ್ತದೆ. ಹಣ ಯಾರದೋ ಖಾತೆಗೆ ಹೋದರೆ, ಇಲ್ಲವೇ ವಾಪಸ್ ಬಂದರೆ, ಫಲಾನುಭವಿ ವಾರಗಟ್ಟಲೆ ಅಲೆಯಬೇಕು. ಆ ಕಾಲಂ ಅನ್ನು ಮೊದಲೇ ‘ಟೆಕ್ಸ್ಟ್’ ಮಾಡಿ, ಆಮೇಲೆ ಅಂಕೆ ತುಂಬಿ. ಕೂಡಿಸಲು, ಗುಣಿಸಲು ಬಾರದ ಯಾವುದೇ ಸಂಖ್ಯೆ ನಿಜವಾಗಿ ಹೆಸರು. ಅದನ್ನು ಹೆಸರಿನಂತೆಯೇ ನಡೆಸಿಕೊಳ್ಳಿ.

3. ಕಾಣುವುದು ಬೇರೆ, ಇರುವುದು ಬೇರೆ

ಸಂಘದ ಹುಡುಗಿ ಸಿಕ್ಕಿಬಿದ್ದದ್ದು ಇಲ್ಲಿ. 2,500ನ್ನು 12ರಿಂದ ಭಾಗಿಸಿದಾಗ ಕೋಶದ ಒಳಗಿದ್ದದ್ದು 208.333333 ಎಂದು ಮುಂದುವರಿಯುವ ಸಂಖ್ಯೆ. ಎರಡೇ ದಶಮಾಂಶ ತೋರಿಸು ಎಂದು ಹೇಳಿದ್ದರಿಂದ ಕಾಣಿಸಿದ್ದು 208.33. ಕೆಳಗಿನ ಮೊತ್ತ ಮಾತ್ರ ಒಳಗಿದ್ದ ಉದ್ದನೆಯ ಸಂಖ್ಯೆಗಳದ್ದು. ಅಕ್ಕ ಕೂಡಿಸಿದ್ದು ಕಂಡದ್ದನ್ನು, ಯಂತ್ರ ಕೂಡಿಸಿದ್ದು ಇದ್ದದ್ದನ್ನು. ಇಬ್ಬರದ್ದೂ ಸರಿ, ಲೆಕ್ಕ ಮಾತ್ರ ಬೇರೆ ಬೇರೆ.

ಗಣಿತದ ತಂತ್ರಾಂಶಗಳು ಹೊಸಬರನ್ನು ಗೊಂದಲಕ್ಕೆ ಕೆಡವುವುದು ಹೆಚ್ಚಾಗಿ ಈ ತೋರಿಕೆಯಿಂದಲೇ. 0.1 ಮತ್ತು 0.2ರ ಮೊತ್ತವನ್ನು ಪೈಥಾನ್ 17 ಅಂಕೆಗಳಲ್ಲಿ ಬಿಚ್ಚಿಡುತ್ತದೆ. ಮ್ಯಾಟ್‌ಲ್ಯಾಬ್ 0.3000 ಎಂದು ತೋರಿಸುತ್ತದೆ, ಎಕ್ಸೆಲ್ ಮತ್ತು ಮ್ಯಾಥಮೆಟಿಕಾ 0.3 ಅನ್ನುತ್ತವೆ. ಒಳಗೆ ಇರುವುದು ನಾಲ್ಕರಲ್ಲೂ ಒಂದೇ. ಶಾಲೆಯಲ್ಲಿ ಬಳಸುವ ಜಿಯೋಜಿಬ್ರಾ ಎರಡೇ ದಶಮಾಂಶ ತೋರಿಸುವ ಅಭ್ಯಾಸದ್ದು. ತ್ರಿಭುಜದ ಕೋನಗಳು 51.32, 62.11, 66.56 ಎಂದು ಕಂಡರೆ ಮಗು ಕೂಡಿಸಿ 179.99 ಅನ್ನುತ್ತದೆ. ‘180 ಅಲ್ವಾ ಮೇಷ್ಟ್ರೇ?’ ಎಂದು ಕೇಳಿದರೆ ಗದರಬೇಡಿ. ಸೆಟ್ಟಿಂಗ್‌ನಲ್ಲಿ ದಶಮಾಂಶ ಹೆಚ್ಚಿಸಿ ತೋರಿಸಿ. ಆ ಮಗು ಕೇಳಿದ್ದು ಗಣಿತದ ದೊಡ್ಡ ಪ್ರಶ್ನೆ.

ಸೂತ್ರ ಇಷ್ಟೇ: ಅನುಮಾನ ಬಂದಾಗ ಮೊದಲು ದಶಮಾಂಶದ ಸ್ಥಾನಗಳನ್ನು 17ಕ್ಕೆ ಏರಿಸಿ ನೋಡಿ. ಎಕ್ಸೆಲ್ ಮಾತ್ರ 15 ಅಂಕೆಗಳ ಆಚೆ ತೋರಿಸುವುದಿಲ್ಲ, ಅದೂ ಗೊತ್ತಿರಲಿ.

4. ‘ಇ’ ಅಕ್ಷರ ಕಂಡು ಹೆದರಬೇಡಿ

ಸೊನ್ನೆ ಬರಬೇಕಾದ ಕಡೆ ಮೈನಸ್ 2.78ಇ-17 ಎಂದು ಕಂಡರೆ ಕೈ ನಡುಗುತ್ತದೆ. ಆ ‘ಇ’ ಎಂದರೆ ಹತ್ತರ ಘಾತ, ಅಷ್ಟೇ. ಬಿಂದುವಿನ ನಂತರ 16 ಸೊನ್ನೆಗಳಾದ ಮೇಲೆ 278. ಲೆಕ್ಕದ ಮಟ್ಟಿಗೆ ಅದು ಸೊನ್ನೆ. ಮ್ಯಾಟ್‌ಲ್ಯಾಬ್‌ನಲ್ಲಿ ಪೈನ ಸೈನ್ ಕೇಳಿದರೆ 1.2246ಇ-16 ಬರುತ್ತದೆ. ಪುಸ್ತಕದ ಪ್ರಕಾರ ಸೊನ್ನೆ ಬರಬೇಕು. ಆದರೆ ಪೈ ಎಂಬ ಮುಗಿಯದ ಸಂಖ್ಯೆಯನ್ನು ಯಂತ್ರ ಪೂರ್ತಿಯಾಗಿ ಇಟ್ಟುಕೊಳ್ಳಲಾರದು. ನೀವು ಕೇಳಿದ್ದು ಪೈಗೆ ತೀರಾ ಹತ್ತಿರದ ಇನ್ನೊಂದು ಸಂಖ್ಯೆಯ ಸೈನ್, ಅದಕ್ಕೆ ಅದು ಸರಿಯಾಗಿಯೇ ಉತ್ತರ ಕೊಟ್ಟಿದೆ. ಮೈನಸ್ 15, 16, 17 ಕಂಡರೆ ‘ಇದು ಯಂತ್ರದ ಧೂಳು’ ಎಂದು ಗುರುತು ಹಿಡಿಯಿರಿ. ಮೈನಸ್ 3, 4 ಕಂಡರೆ ಮಾತ್ರ ನಿಮ್ಮ ಸೂತ್ರವನ್ನು ಮತ್ತೆ ಪರೀಕ್ಷಿಸಿ.

5. ‘ಸಮವೇ?’ ಎಂದು ಕೇಳಬೇಡಿ, ‘ಹತ್ತಿರವೇ?’ ಎಂದು ಕೇಳಿ

ಬೆಳಿಗ್ಗೆ ಡೇರಿಗೆ 1.1 ಲೀಟರ್ ಹಾಲು, ಸಂಜೆ 2.2 ಲೀಟರ್. ಒಟ್ಟು 3.3 ಆಯಿತೇ ಎಂದು ಪ್ರೋಗ್ರಾಮಿನಲ್ಲಿ ಕೇಳಿದರೆ ಪೈಥಾನ್ ‘ಫಾಲ್ಸ್’ ಅನ್ನುತ್ತದೆ. ಅದರ ಮೊತ್ತ 3.3000000000000003. ಹಾಲಿನ ಗುಣಮಟ್ಟಕ್ಕೆ ಹೇಳುವ 3.5 ಫ್ಯಾಟ್, 8.5 ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎರಡೂ ಅರೆ ಇರುವ ಸಂಖ್ಯೆಗಳಾದ್ದರಿಂದ ಯಂತ್ರದಲ್ಲಿ ನಿಖರವಾಗಿ ಕೂರುತ್ತವೆ. 3.4, 3.6, 4.1 ಹಾಗಲ್ಲ. ಇಷ್ಟು ಫ್ಯಾಟ್ ದಾಟಿದರೆ ಇಷ್ಟು ದರ ಎಂದು ಪ್ರೋಗ್ರಾಂ ಬರೆಯುವವರು ಈ ಗಡಿಯಲ್ಲಿ ಎಚ್ಚರ ತಪ್ಪಿದರೆ ರೈತನ ಲೀಟರಿಗೆ ಪೈಸೆಗಳು ಹೋಗುತ್ತವೆ.

ಎರಡು ಸಂಖ್ಯೆಗಳ ವ್ಯತ್ಯಾಸ ತೆಗೆದು, ಅದು ನೀವು ಒಪ್ಪುವ ಮಿತಿಗಿಂತ ಕಡಿಮೆಯೇ ಎಂದು ಕೇಳಿ. ಹಣಕ್ಕೆ ಅರ್ಧ ಪೈಸೆ ಸಾಕು. ಪೈಥಾನ್‌ನಲ್ಲಿ ಇದಕ್ಕೆ ‘ಐಸ್‌ಕ್ಲೋಸ್’ ಎಂಬ ಸಿದ್ಧ ಉಪಕರಣವಿದೆ. ಒಂದು ಮಾತು: ಸೊನ್ನೆಗೆ ಹತ್ತಿರವೇ ಎಂದು ಕೇಳುವಾಗ ಅದಕ್ಕೆ ಮಿತಿಯನ್ನು ನೀವೇ ಹೇಳಬೇಕು. ಹೇಳದಿದ್ದರೆ ಎಷ್ಟು ಚಿಕ್ಕ ಸಂಖ್ಯೆಯನ್ನೂ ಅದು ‘ಹತ್ತಿರವಲ್ಲ’ ಅನ್ನುತ್ತದೆ. ಮ್ಯಾಥಮೆಟಿಕಾ ಕೊನೆಯ ಕೆಲವು ಬಿಟ್‌ಗಳನ್ನು ತಾನೇ ಕಡೆಗಣಿಸಿ ‘ಸಮ’ ಎಂದುಬಿಡುತ್ತದೆ. ನಿಮ್ಮ ತಂತ್ರಾಂಶದ ಸ್ವಭಾವ ಯಾವುದು ಎಂದು ಮೊದಲ ದಿನವೇ ಪರೀಕ್ಷಿಸಿ.

6. ಹಣವನ್ನು ಪೈಸೆಯಲ್ಲಿ, ಚಿನ್ನವನ್ನು ಮಿಲಿಗ್ರಾಂನಲ್ಲಿ ಎಣಿಸಿ

ಇಡೀ ಲೇಖನದಲ್ಲಿ ಒಂದೇ ಸೂತ್ರ ನೆನಪಿಡುವುದಾದರೆ ಇದನ್ನು ಇಡಿ. ಪೂರ್ಣಾಂಕಗಳನ್ನು ಕೂಡಿಸುವಾಗ ಯಂತ್ರ ತಪ್ಪುವುದಿಲ್ಲ. ಸುಮಾರು 90 ಕೋಟಿ ಕೋಟಿಯವರೆಗೆ, ನಿಖರವಾಗಿ 9,00,71,99,25,47,40,992ರವರೆಗೆ, ಪ್ರತಿ ಪೂರ್ಣಾಂಕವೂ ಆ 64 ಬಿಟ್ ಪೆಟ್ಟಿಗೆಯಲ್ಲಿ ಸರಿಯಾಗಿ ಕೂರುತ್ತದೆ. ಆದ್ದರಿಂದ 19.50 ರೂಪಾಯಿಯನ್ನು 1,950 ಪೈಸೆ ಎಂದು ಇಡಿ. 8.123 ಗ್ರಾಂ ಚಿನ್ನವನ್ನು 8,123 ಮಿಲಿಗ್ರಾಂ ಎಂದು ಇಡಿ. ತೋರಿಸುವಾಗ ಮಾತ್ರ ರೂಪಾಯಿ, ಗ್ರಾಂ ಮಾಡಿ.

ಪೈಸೆಗೆ ಬದಲಿಸುವಾಗಲೂ ಒಂದು ಗುಂಡಿ ಇದೆ. 4.35ನ್ನು 100ರಿಂದ ಗುಣಿಸಿದರೆ ಪೈಥಾನ್ 434.99999999999994 ಕೊಡುತ್ತದೆ. ದಶಮಾಂಶ ಭಾಗವನ್ನು ಕತ್ತರಿಸಿದರೆ 434 ಪೈಸೆ, ಒಂದು ಪೈಸೆ ಮಾಯ. ಕತ್ತರಿಸಬೇಡಿ, ಹತ್ತಿರದ ಪೂರ್ಣಾಂಕಕ್ಕೆ ರೌಂಡ್ ಮಾಡಿ, 435 ಸಿಗುತ್ತದೆ. ಡೇಟಾಬೇಸ್ ಕಟ್ಟುವವರು ಹಣದ ಕಾಲಂಗೆ ‘ಫ್ಲೋಟ್’ ಬಿಟ್ಟು ‘ಡೆಸಿಮಲ್’ ಬಗೆಯನ್ನೇ ಆರಿಸಿ. ಸಂದರ್ಶನದಲ್ಲಿ ಈ ಪ್ರಶ್ನೆ ಬಂದು, ಕಾರಣ ಸಹಿತ ಉತ್ತರ ಹೇಳಿದ ಅಭ್ಯರ್ಥಿಯ ತೂಕವೇ ಬೇರೆ.

7. ಭಿನ್ನರಾಶಿ ಬೇಕಾದ ಕಡೆ ಭಿನ್ನರಾಶಿಯನ್ನೇ ಬರೆಯಿರಿ

ಮ್ಯಾಥಮೆಟಿಕಾ, ಮ್ಯಾಕ್ಸಿಮಾ, ಸೇಜ್, ಸಿಂಪೈ ಇವು ಬೀಜಗಣಿತ ಬಲ್ಲ ತಂತ್ರಾಂಶಗಳು. ಇವುಗಳಲ್ಲಿ ಹತ್ತರಲ್ಲಿ ಒಂದು ಎಂದು ಭಿನ್ನರಾಶಿ ಬರೆದರೆ ಅದು ಭಿನ್ನರಾಶಿಯಾಗಿಯೇ ಉಳಿಯುತ್ತದೆ, ಒಂದು ಎಳೆಯೂ ಕಳೆಯುವುದಿಲ್ಲ. 0.1 ಎಂದು ಬಿಂದು ಹಾಕಿದ ಕ್ಷಣವೇ ‘ನನಗೆ ಅಂದಾಜು ಸಾಕು’ ಎಂದು ನೀವು ಹೇಳಿದ ಹಾಗೆ. ಒಂದು ಚುಕ್ಕಿ ಇಡೀ ಲೆಕ್ಕದ ಜಾತಿಯನ್ನೇ ಬದಲಿಸುತ್ತದೆ.

ಸಿಂಪೈ ಬಳಸುವವರು ಇನ್ನೂ ಎಚ್ಚರವಾಗಿರಬೇಕು. 1/10 ಎಂದು ಬರೆದರೆ ಅದು ಸಿಂಪೈಗೆ ತಲುಪುವ ಮೊದಲೇ ಪೈಥಾನ್ ಭಾಗಿಸಿ 0.1 ಮಾಡಿಬಿಡುತ್ತದೆ. ‘ರ‍್ಯಾಷನಲ್’ ಎಂದು ಹೇಳಿ ಅಂಶ, ಛೇದ ಎರಡನ್ನೂ ಬೇರೆ ಬೇರೆ ಕೊಡಿ. ಪೈಥಾನಿನ ‘ಡೆಸಿಮಲ್’ ಬಳಸುವಾಗ 0.1ನ್ನು ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. ಚಿಹ್ನೆ ಮರೆತರೆ ಕೊಳೆಯಾದ ಸಂಖ್ಯೆಯೇ ಒಳಗೆ ಹೋಗುತ್ತದೆ, ಆಮೇಲೆ ಎಷ್ಟು ತೊಳೆದರೂ ಹೋಗದು.

8. ಒಮ್ಮೆ ಮಾತ್ರ ರೌಂಡ್ ಮಾಡಿ, ಕೊನೆಗೆ ಮಾತ್ರ ಮಾಡಿ

1957ರ ಏಪ್ರಿಲ್ 1ರಂದು ದೇಶ ಆಣೆ ಬಿಟ್ಟು ನಯಾ ಪೈಸೆಗೆ ಬಂತು. ರೂಪಾಯಿಗೆ 100 ಪೈಸೆ. ಒಂದು ಆಣೆ ಎಂದರೆ ಲೆಕ್ಕದಲ್ಲಿ 6.25 ಪೈಸೆ, ಆದರೆ ಕಾಲು ಪೈಸೆಯ ನಾಣ್ಯ ಎಲ್ಲಿದೆ? ಪರಿವರ್ತನೆಯ ಪಟ್ಟಿ ಹೀಗಿತ್ತು: ಒಂದು ಆಣೆಗೆ 6, ಎರಡಕ್ಕೆ 12, ಮೂರಕ್ಕೆ 19, ನಾಲ್ಕಕ್ಕೆ 25. ಮೂರು ಆಣೆಯ ಸಾಮಾನನ್ನು ಒಟ್ಟಿಗೆ ಕೊಂಡರೆ 19 ಪೈಸೆ, ಒಂದೊಂದೇ ಆಣೆಯಂತೆ ಮೂರು ಸಲ ಕೊಂಡರೆ 18 ಪೈಸೆ. ಯಾರೂ ಮೋಸ ಮಾಡಿಲ್ಲ. ಮೂರು ಸಲ ರೌಂಡ್ ಮಾಡಿದ್ದಕ್ಕೂ ಒಂದು ಸಲ ಮಾಡಿದ್ದಕ್ಕೂ ಇರುವ ಅಂತರ ಅದು. ‘ಎಂಟಾಣೆ’ ಎಂಬ ಮಾತನ್ನು ಇನ್ನೂ ಬಿಡದ ನಮ್ಮ ಹಿರಿಯರಿಗೆ ಈ ಪಾಠ ಅಂಗಡಿಯಲ್ಲೇ ಸಿಕ್ಕಿತ್ತು.

ಕೆನಡಾದ ವ್ಯಾಂಕೂವರ್ ಷೇರುಪೇಟೆ ಅದನ್ನು ದುಬಾರಿ ಬೆಲೆಗೆ ಕಲಿಯಿತು. 1982ರ ಜನವರಿಯಲ್ಲಿ 1,000ದಿಂದ ಶುರು ಮಾಡಿದ ಸೂಚ್ಯಂಕ 1983ರ ನವೆಂಬರಿನಲ್ಲಿ ಸುಮಾರು 524ಕ್ಕೆ ಇಳಿದಿತ್ತು. ಪೇಟೆ ಅಷ್ಟು ಬಿದ್ದಿರಲಿಲ್ಲ. ಪ್ರತಿ ವ್ಯವಹಾರವಾದ ಮೇಲೂ ಮೂರು ದಶಮಾಂಶದ ಆಚೆಗಿನದನ್ನು ಯಂತ್ರ ಕತ್ತರಿಸಿ ಬಿಸಾಡುತ್ತಿತ್ತು, ದಿನಕ್ಕೆ ಸಾವಿರಾರು ಸಲ. ಸರಿಯಾಗಿ ಲೆಕ್ಕ ಹಾಕಿದಾಗ ಬಂದದ್ದು ಸುಮಾರು 1,098. ಕತ್ತರಿ ಯಾವಾಗಲೂ ಒಂದೇ ಕಡೆ ಕತ್ತರಿಸುತ್ತದೆ, ಅದರಿಂದಲೇ ನಷ್ಟ ಗುಡ್ಡೆಯಾಗುತ್ತದೆ. ಸಾಲದ ಬಡ್ಡಿಯನ್ನು ಪ್ರತಿ ತಿಂಗಳು ಕತ್ತರಿಸುತ್ತಾ ಹೋಗುವ ಸಂಘದ ಹಾಳೆಗಳೂ ಇದೇ ದಾರಿ ಹಿಡಿಯುತ್ತವೆ. ನಡುವಿನ ಹೆಜ್ಜೆಗಳಲ್ಲಿ ಸಂಖ್ಯೆಯನ್ನು ಮುಟ್ಟಬೇಡಿ. ಪಾಸ್‌ಬುಕ್ಕಿಗೆ ಬರೆಯುವ ಕೊನೆಯ ಹೆಜ್ಜೆಯಲ್ಲಿ ರೌಂಡ್ ಮಾಡಿ, ಬರೆದದ್ದನ್ನೇ ಕೂಡಿಸಿ.

9. ರೌಂಡ್ ಮಾಡುವ ನಿಯಮ ಯಾವುದೆಂದು ಕೇಳಿ

ಶಾಲೆಯಲ್ಲಿ ಕಲಿತದ್ದು: ಐದು ಬಂದರೆ ಮೇಲಕ್ಕೆ. ಎಕ್ಸೆಲ್ 2.5ನ್ನು 3 ಮಾಡುತ್ತದೆ. ಪೈಥಾನ್ 2 ಮಾಡುತ್ತದೆ. ಸರಿಯಾಗಿ ನಡುವೆ ಬಿದ್ದರೆ ಹತ್ತಿರದ ಸಮಸಂಖ್ಯೆಗೆ ಹೋಗುವುದು ಅದರ ನಿಯಮ. ಅರ್ಧಗಳೆಲ್ಲ ಒಂದೇ ಕಡೆ ವಾಲದಿರಲಿ ಎಂಬುದು ಅದರ ಉದ್ದೇಶ. ಇನ್ನು 2.675ನ್ನು ಎರಡು ದಶಮಾಂಶಕ್ಕೆ ತಂದರೆ ಎಕ್ಸೆಲ್ 2.68 ಅನ್ನುತ್ತದೆ, ಪೈಥಾನ್ 2.67 ಅನ್ನುತ್ತದೆ. ಇಲ್ಲಿ ಕಾರಣ ಬೇರೆ: ಒಳಗಿರುವ ಸಂಖ್ಯೆ 2.675ಕ್ಕಿಂತ ಎಳೆಯಷ್ಟು ಕಡಿಮೆ. ಎರಡು ಕಡೆ ಲೆಕ್ಕ ತಾಳೆಯಾಗದಿದ್ದರೆ ಜಗಳಕ್ಕೆ ಮೊದಲು ಎರಡೂ ಕಡೆಯ ನಿಯಮ ಕೇಳಿ.

10. ಲಾರಿಯ ತೂಕದಲ್ಲಿ ಟೊಮೆಟೊ ತೂಗಬೇಡಿ

ಕೋಲಾರದ ಎಪಿಎಂಸಿಗೆ ಹೋಗುವ ಲಾರಿಯನ್ನು ವೇ ಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗಿ. ಒಂದು ಟೊಮೆಟೊ ತೆಗೆದು ಮತ್ತೆ ತೂಗಿ. ವ್ಯತ್ಯಾಸವೇ ಟೊಮೆಟೊ ತೂಕ ಎಂದರೆ ಯಾರಾದರೂ ಒಪ್ಪುತ್ತಾರೆಯೇ? ಎರಡು ದೊಡ್ಡ ಸಂಖ್ಯೆಗಳನ್ನು ಕಳೆದು ಸಣ್ಣದೊಂದನ್ನು ಹುಡುಕುವಾಗ ಯಂತ್ರಕ್ಕೂ ಇದೇ ಗತಿ. ಒಂದರ ಮುಂದೆ 16 ಸೊನ್ನೆ ಇರುವ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಗೆ 1 ಕೂಡಿಸಿ, ಮತ್ತೆ ಅದೇ ದೊಡ್ಡ ಸಂಖ್ಯೆಯನ್ನು ಕಳೆದರೆ ಸಿಗುವುದು ಸೊನ್ನೆ. ಕೂಡಿಸಿದ ಆ 1, ಲಾರಿಯ ತೂಕದೊಳಗೆ ಮುಳುಗಿಹೋಯಿತು.

ಕೂಡುವ ಕ್ರಮವೂ ಮುಖ್ಯ. 0.1ಕ್ಕೆ 0.2 ಸೇರಿಸಿ ಆಮೇಲೆ 0.3 ಸೇರಿಸಿದರೆ 0.6000000000000001. ಮೊದಲು 0.2, 0.3 ಸೇರಿಸಿ ಆಮೇಲೆ 0.1 ಸೇರಿಸಿದರೆ 0.6. ಚಿಕ್ಕದೂ ದೊಡ್ಡದೂ ಬೆರೆತಿದ್ದರೆ ಚಿಕ್ಕವನ್ನು ಮೊದಲು ಕೂಡಿಸಿ. ಟೊಮೆಟೊ ತೂಕ ಬೇಕಿದ್ದರೆ ಟೊಮೆಟೊವನ್ನೇ ಚಿಕ್ಕ ತಕ್ಕಡಿಗೆ ಹಾಕಿ. ಅಂದರೆ ವ್ಯತ್ಯಾಸವನ್ನು ನೇರವಾಗಿ ಕೊಡುವ ಬೇರೆ ಸೂತ್ರ ಹುಡುಕಿ.

11. ತಪ್ಪು ಎಷ್ಟು ದೊಡ್ಡದು ಎನ್ನುವುದರ ಜೊತೆಗೆ ಎಷ್ಟು ಸಲ ಎಂದೂ ಕೇಳಿ

ಪೈಥಾನ್‌ನಲ್ಲಿ ಸೊನ್ನೆಯಿಂದ ಶುರು ಮಾಡಿ ಒಂದೊಂದಾಗಿ ಹತ್ತು ಸಲ 0.1 ಸೇರಿಸಿದರೆ 0.9999999999999999 ಬರುತ್ತದೆ. ಹತ್ತು ಸಲಕ್ಕೆ ಧೂಳು. ಲಕ್ಷಗಟ್ಟಲೆ ಸಲಕ್ಕೆ?

1991ರ ಫೆಬ್ರವರಿ 25, ಸೌದಿ ಅರೇಬಿಯಾದ ದಹರಾನ್. ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆಯ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಪಾಲಿನಂತೆ ಎಣಿಸುತ್ತಿತ್ತು. ಅದೇ 0.1, 24 ಬಿಟ್‌ಗಳಲ್ಲಿ ಕತ್ತರಿಸಿ ಇಟ್ಟದ್ದು. ವ್ಯವಸ್ಥೆ 100 ಗಂಟೆ ನಿಲ್ಲದೆ ಓಡಿತ್ತು, ಅಂದರೆ 36 ಲಕ್ಷ ಎಣಿಕೆಗಳು. ಕಣ್ಣಿಗೆ ಕಾಣದ ಕೊರತೆ ಬೆಳೆದು 0.34 ಸೆಕೆಂಡಾಯಿತು. ಅಷ್ಟು ಹೊತ್ತಿನಲ್ಲಿ ಎದುರಿನ ಸ್ಕಡ್ ಕ್ಷಿಪಣಿ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಹಾರಿರುತ್ತದೆ. ಅದನ್ನು ತಡೆಯಲಾಗಲಿಲ್ಲ, 28 ಸೈನಿಕರು ಸತ್ತರು. ಸರಿಪಡಿಸಿದ ತಂತ್ರಾಂಶ ಅಲ್ಲಿಗೆ ತಲುಪಿದ್ದು ಮರುದಿನ.

ಆದ್ದರಿಂದ ಪುನರಾವರ್ತನೆಯ ಲೆಕ್ಕದಲ್ಲಿ ದಶಮಾಂಶವನ್ನು ಸೇರಿಸುತ್ತಾ ಹೋಗಬೇಡಿ. 1, 2, 3 ಎಂದು ಪೂರ್ಣಾಂಕ ಎಣಿಸಿ, ಬೇಕಾದಾಗ ಒಮ್ಮೆ 10ರಿಂದ ಭಾಗಿಸಿ. ಒಂದು ಸಾಲಿನ ಬದಲಾವಣೆ, ತಪ್ಪು ಬೆಳೆಯುವ ದಾರಿಯೇ ಮುಚ್ಚುತ್ತದೆ.

12. ಉಳಿಕೆಗೆ ಒಂದು ಹೆಸರು ಕೊಡಿ

ಭಾಗಾಕಾರ ಸರಿಯಾಗಿ ಹೋಗದಿದ್ದರೆ ಏನೋ ಉಳಿಯುತ್ತದೆ. ಅದನ್ನು ಯಾವ ತಂತ್ರಾಂಶವೂ ಇಲ್ಲವಾಗಿಸಲಾರದು, ಮರೆಮಾಡಬಲ್ಲದು ಅಷ್ಟೇ. ಮರೆಮಾಡಿದ ಉಳಿಕೆ ಅನುಮಾನವಾಗುತ್ತದೆ. ಹೆಸರು ಬರೆದ ಉಳಿಕೆ ಲೆಕ್ಕವಾಗುತ್ತದೆ. ಅದು ಸಂಘದ ನಿಧಿಗೆ ಹೋಗಲಿ, ಮುಂದಿನ ತಿಂಗಳಿಗೆ ಹೋಗಲಿ, ಸರದಿಯಂತೆ ಒಬ್ಬರಿಗೆ ಹೋಗಲಿ. ನಿಯಮವನ್ನು ಮೊದಲೇ ಸಭೆಯಲ್ಲಿ ಒಪ್ಪಿಸಿ, ಪುಸ್ತಕದಲ್ಲಿ ಬರೆದಿಡಿ.

ಆ ಹುಡುಗಿ ಮುಂದಿನ ಸಭೆಗೆ ಹೊಸ ಹಾಳೆ ತಂದಳು. ಪ್ರತಿ ಪಾಲನ್ನೂ ಎರಡು ದಶಮಾಂಶಕ್ಕೆ ನಿಜವಾಗಿಯೇ ರೌಂಡ್ ಮಾಡಿದ್ದಳು, ತೋರಿಕೆಗೆ ಮಾತ್ರ ಅಲ್ಲ. 12 ಮಂದಿಗೆ 208.33ರಂತೆ 2,499.96. ಅದರ ಕೆಳಗೆ ಹೊಸದೊಂದು ಸಾಲು: ‘ಹಂಚಿ ಉಳಿದದ್ದು, ಸಂಘದ ನಿಧಿಗೆ ಜಮಾ, 0.04’. ಅದರ ಕೆಳಗೆ 2,500.00. ಹಿರಿಯಕ್ಕ ಮತ್ತೆ ಮೊಬೈಲ್ ತೆಗೆದರು. ಗುಣಿಸಿದರು, ನಾಲ್ಕು ಪೈಸೆ ಕೂಡಿಸಿದರು. ತಾಳೆಯಾಯಿತು. ಹಾಳೆಯನ್ನು ಪಕ್ಕದವರಿಗೆ ದಾಟಿಸಿ, ಪೆನ್ನು ಕೇಳಿ ಪಡೆದು, ಪುಸ್ತಕದಲ್ಲಿ ತಮ್ಮ ಹೆಸರಿನ ಮುಂದೆ ನಿಧಾನವಾಗಿ ಸಹಿ ಹಾಕಿದರು.